ನೀಗ್ರೋ ಲೀಗ್ಸ್ ಬೇಸ್‌ಬಾಲ್: ತಿಳಿಯಲು ಹೊರಟವರಿಗೆ ಒಂದು ದಾರಿ

ಬೇಸ್‌ಬಾಲ್ ಬಗ್ಗೆ ಜಾಸ್ತಿ ಗೊತ್ತಿಲ್ಲದವರೂ ಜಾಕಿ ರಾಬಿನ್ಸನ್ ಹೆಸರು ಕೇಳಿರುತ್ತಾರೆ. 1947ರ ಏಪ್ರಿಲ್ 15ರಂದು ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರ ಆಡಿದರು. ದಶಕಗಳಿಂದ ಬಿಳಿಯರದೇ ಆಗಿದ್ದ ಮೇಜರ್ ಲೀಗ್‌ನ, ಅಂದರೆ ಅಮೆರಿಕದ ಅತಿ ಮೇಲ್ಮಟ್ಟದ ಬೇಸ್‌ಬಾಲ್‌ನ ಬಾಗಿಲು ಅಂದು ತೆರೆಯಿತು. ಹೆಚ್ಚಿನವರು ಕಥೆಯನ್ನು ಇಲ್ಲಿಂದಲೇ ಶುರು ಮಾಡುತ್ತಾರೆ. ಹಾಗೆ ಮಾಡಿದರೆ ಅದಕ್ಕೆ ಹಿಂದಿನ ಅರವತ್ತು ವರ್ಷ ಸುಮ್ನೆ ಬಾಗಿಲ ಹೊರಗೆ ಕಾಯುತ್ತಾ ನಿಂತ ಕಾಲದಂತೆ ಕಾಣುತ್ತದೆ.

ಆದರೆ ಆ ಕಾಲದಲ್ಲಿ ಅಮೆರಿಕದ ಕಪ್ಪು ಜನ ತಮ್ಮದೇ ತಂಡಗಳನ್ನು ಕಟ್ಟಿದ್ದರು. ತಮ್ಮದೇ ಲೀಗ್ ನಡೆಸಿದರು, ತಮ್ಮದೇ ವಿಶ್ವ ಸರಣಿ ಆಡಿದರು. ಅವರ ಆಟವನ್ನು ಬರೆಯುವ ಪತ್ರಿಕೆಗಳೂ ಅವರವೇ. ಈ ಬರಹ ಓದುವಾಗ ನಾನು ನಿಮ್ಮಲ್ಲಿ ಕೇಳುವುದು ಒಂದೇ. ಈ ಆಟಗಾರರನ್ನು ಪಾಪ ಅನ್ನುವ ಕಣ್ಣಿನಿಂದ ನೋಡಬೇಡಿ. ಅವರನ್ನು ಆಟಗಾರರಾಗಿ, ಒಂದು ದೊಡ್ಡ ವ್ಯವಸ್ಥೆ ಕಟ್ಟಿದವರಾಗಿ ನೋಡಿ. ಅನ್ಯಾಯದ ಅಳತೆ ಆಗ ತಾನಾಗಿಯೇ ಗೊತ್ತಾಗುತ್ತದೆ.

ಹೆಸರಿನ ಬಗ್ಗೆ ಒಂದು ಎಚ್ಚರಿಕೆ. ‘ನೀಗ್ರೋ’ ಎಂಬುದು ಆ ಲೀಗುಗಳ ಅಂದಿನ ಅಧಿಕೃತ ಹೆಸರಿನಲ್ಲಿದೆ. ಆ ಹೆಸರಿನಲ್ಲಿ ಮಾತ್ರ ಬಳಸಿ, ಜನರನ್ನು ಹಾಗೆ ಕರೆಯಬೇಡಿ.

1. ಮೊದಲು ಆಟ ಸ್ವಲ್ಪ ತಿಳಿಯಿರಿ

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಕಷ್ಟವೇನಲ್ಲ. ಪಿಚರ್ ಚೆಂಡು ಎಸೆಯುತ್ತಾನೆ. ಚೆಂಡು ನೆಲಕ್ಕೆ ಬೀಳದೆ ಬ್ಯಾಟರ್ ಕಡೆಗೆ ಬರುತ್ತದೆ. ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ಹೊಡೆದವನು ಮೂರು ಬೇಸ್, ಅಂದರೆ ಓಡಿ ಮುಟ್ಟಬೇಕಾದ ಗುರುತಿನ ಜಾಗಗಳನ್ನು ದಾಟಿ ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಚೆಂಡು ನೇರವಾಗಿ ಬೇಲಿ ದಾಟಿದರೆ ಹೋಮ್ ರನ್. ಮೂವರು ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಇನ್ನಿಂಗ್ಸ್.

ಎರಡು ಅಂಕಿಗಳು ಗೊತ್ತಿದ್ದರೆ ಸಾಕು. ಬ್ಯಾಟಿಂಗ್ ಸರಾಸರಿ ಅಂದರೆ ಬ್ಯಾಟ್ ಮಾಡಿದ ಸರದಿಗಳಲ್ಲಿ ಎಷ್ಟು ಸಲ ಚೆಂಡು ಹೊಡೆದು ಬೇಸ್ ತಲುಪಿದ ಎಂಬ ಲೆಕ್ಕ. ಹತ್ತರಲ್ಲಿ ಮೂರು ಸಲ ಆದರೆ .300. ಅಷ್ಟು ಬಂದವನು ಒಳ್ಳೆಯ ಬ್ಯಾಟರ್. ಎರಡನೆಯದು ಸ್ಲಗ್ಗಿಂಗ್. ಒಂದೊಂದು ಸರದಿಗೆ ಸರಾಸರಿ ಎಷ್ಟು ಬೇಸ್ ಗಳಿಸಿದ ಎಂಬುದು ಅದು. ಹೊಡೆತದ ಬಲ ಅದರಲ್ಲಿ ಕಾಣುತ್ತದೆ.

ಬಂಟ್ ಮತ್ತು ಸ್ಟೀಲ್ ಎಂಬ ಎರಡು ತಂತ್ರಗಳೂ ಮುಂದೆ ಬರುತ್ತವೆ. ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರದಲ್ಲೇ ಬೀಳಿಸಿ ಓಡುವುದು ಬಂಟ್. ಪಿಚರ್ ಚೆಂಡು ಎಸೆಯುವ ಹೊತ್ತಿಗೆ ಮುಂದಿನ ಬೇಸಿಗೆ ನುಗ್ಗುವುದು ಸ್ಟೀಲ್. ಕಪ್ಪು ಆಟಗಾರರ ಲೀಗುಗಳಲ್ಲಿ ಇವೆರಡಕ್ಕೂ ತುಂಬಾ ಬೆಲೆ ಇತ್ತು.

2. ಗೋಡೆ ಹೇಗೆ ಎದ್ದಿತು ಎಂಬುದನ್ನು ನೋಡಿ

ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ 1884ರಲ್ಲೇ ಮೇಜರ್ ಲೀಗ್‌ನಲ್ಲಿ ಆಡಿದ್ದರು. ಟೊಲೀಡೊ ಬ್ಲೂ ಸ್ಟಾಕಿಂಗ್ಸ್ ಅವರ ತಂಡ. ತಮ್ಮ ವೆಲ್ಡಿ ವಾಕರ್ ಕೂಡ ಅದೇ ವರ್ಷ ಅದೇ ತಂಡಕ್ಕೆ ಆಡಿದರು. ಅಂದರೆ ರಾಬಿನ್ಸನ್‌ಗಿಂತ ಅರವತ್ತಮೂರು ವರ್ಷ ಮೊದಲು.

ಆಮೇಲೆ ಬಾಗಿಲು ಮುಚ್ಚಿತು. ಷಿಕಾಗೋ ತಂಡದ ನಾಯಕ ಕ್ಯಾಪ್ ಆನ್ಸನ್ ಆ ಕಾಲದ ದೊಡ್ಡ ತಾರೆ. ಕಪ್ಪು ಆಟಗಾರರು ಎದುರಿಗಿದ್ದರೆ ಮೈದಾನಕ್ಕೆ ಇಳಿಯುವುದಿಲ್ಲ ಎಂದು ಹಠ ಹಿಡಿಯುತ್ತಿದ್ದವರು. 1887ರ ಜುಲೈನಲ್ಲಿ ಇಂಟರ್‌ನ್ಯಾಷನಲ್ ಲೀಗ್ ಎಂಬ ಕೆಳಹಂತದ ಲೀಗ್‌ನ ಮಾಲೀಕರು ಸೇರಿ, ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಒಪ್ಪಂದ ಬೇಡ ಎಂದು ಮತ ಹಾಕಿದರು. ಮೇಜರ್ ಲೀಗ್‌ನಲ್ಲಿ ಇಂಥ ನಿಯಮವನ್ನು ಬರೆದಿಡಲಿಲ್ಲ. ಮಾಲೀಕರ ನಡುವಿನ ಬಾಯಿಮಾತೇ ಸಾಕಾಯಿತು. ಕಾಗದದ ಮೇಲೆ ಇಲ್ಲದ ನಿಯಮವನ್ನು ಪ್ರಶ್ನಿಸುವುದು ಎಷ್ಟು ಕಷ್ಟ ಅಲ್ವಾ? ಕೇಳಿದರೆ ಅಂಥ ನಿಯಮವೇ ಇಲ್ಲ ಎಂದುಬಿಡಬಹುದಿತ್ತು.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸವೂ ಶುರುವಾಗಿತ್ತು. 1885ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಕ್ಯೂಬನ್ ಜೈಂಟ್ಸ್ ಹುಟ್ಟಿತು. ಹೆಸರು ಕ್ಯೂಬನ್ ಆದರೂ ಆಟಗಾರರು ಅಮೆರಿಕದ ಕಪ್ಪು ಜನರೇ. ಸಂಬಳ ಪಡೆದು ಆಡಿದ ಮೊದಲ ಕಪ್ಪು ತಂಡ ಇದು.

3. ರೂಬ್ ಫಾಸ್ಟರ್ ಬಳಿ ಹೆಚ್ಚು ಹೊತ್ತು ನಿಲ್ಲಿ

ಈ ಚರಿತ್ರೆಯಲ್ಲಿ ಒಬ್ಬರನ್ನೇ ಓದಲು ಸಮಯವಿದೆ ಎಂದರೆ ನಾನು ಹೇಳುವ ಹೆಸರು ರೂಬ್ ಫಾಸ್ಟರ್. 1879ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದವರು. ಇಪ್ಪತ್ತನೆಯ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ದೇಶದ ಒಳ್ಳೆಯ ಪಿಚರ್‌ಗಳಲ್ಲಿ ಒಬ್ಬರು. ನಂತರ ಷಿಕಾಗೋ ಅಮೆರಿಕನ್ ಜೈಂಟ್ಸ್ ತಂಡದ ಮಾಲೀಕ, ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ತಂಡವನ್ನು ಆಡಿಸುವ ಮುಖ್ಯ ಕೋಚ್) ಎರಡೂ ಆದರು. ಅವರ ಹುಡುಗರು ಬಂಟ್ ಮಾಡಿ, ಸ್ಟೀಲ್ ಮಾಡಿ, ಎದುರು ತಂಡಕ್ಕೆ ಉಸಿರಾಡಲು ಬಿಡುತ್ತಿರಲಿಲ್ಲ.

ಫಾಸ್ಟರ್‌ಗೆ ಒಂದು ವಿಷಯ ಸ್ಪಷ್ಟವಾಗಿತ್ತು. ತಂಡಗಳು ಬಿಡಿಬಿಡಿಯಾಗಿ ಇರುವವರೆಗೆ ಪಂದ್ಯ ಗೊತ್ತು ಮಾಡುವ ದಲ್ಲಾಳಿಗಳ ಕೈಯಲ್ಲೇ ಇರುತ್ತವೆ. ಆ ದಲ್ಲಾಳಿಗಳಲ್ಲಿ ಹೆಚ್ಚಿನವರು ಬಿಳಿಯರು. ಮೈದಾನ ಯಾರದೋ, ಟಿಕೆಟ್ ದುಡ್ಡು ಯಾರಿಗೋ. ಅದಕ್ಕೇ ಅವರು 1920ರ ಫೆಬ್ರವರಿ 13ರಂದು ಕಾನ್ಸಾಸ್ ಸಿಟಿಯ ಪಸೇಯೊ ವೈಎಂಸಿಎ ಕಟ್ಟಡದಲ್ಲಿ ತಂಡಗಳ ಮಾಲೀಕರನ್ನು ಸೇರಿಸಿದರು. ಅಲ್ಲಿ ನೀಗ್ರೋ ನ್ಯಾಷನಲ್ ಲೀಗ್ ಹುಟ್ಟಿತು.

ಮೊದಲ ವರ್ಷ ಎಂಟು ತಂಡಗಳು ಆಡಿದವು. ಷಿಕಾಗೋ ನಗರದ್ದೇ ಎರಡು. ಜೊತೆಗೆ ಡೆಟ್ರಾಯಿಟ್ ಸ್ಟಾರ್ಸ್, ಇಂಡಿಯಾನಾಪೊಲಿಸ್ ಎಬಿಸೀಸ್, ಸೇಂಟ್ ಲೂಯಿಸ್ ಜೈಂಟ್ಸ್, ಡೇಟನ್ ಮಾರ್ಕೋಸ್, ಕ್ಯೂಬನ್ ಸ್ಟಾರ್ಸ್ ಮತ್ತು ಕಾನ್ಸಾಸ್ ಸಿಟಿ ಮೊನಾರ್ಕ್ಸ್. ಇವುಗಳಲ್ಲಿ ಮೊನಾರ್ಕ್ಸ್ ಮಾಲೀಕ ಜೆ.ಎಲ್. ವಿಲ್ಕಿನ್ಸನ್ ಮಾತ್ರ ಬಿಳಿಯರು. ಫಾಸ್ಟರ್ ಮೊದಲು ಅವರನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದ್ದರು. ಆದರೆ ಅವರೇ ಮುಂದೆ ಲೀಗಿನ ಗಟ್ಟಿ ಆಸರೆಯಾದರು.

ಫಾಸ್ಟರ್ ಲೀಗ್ ನಡೆಸಿದ ರೀತಿ ಗಮನಿಸಿ. ಯಾವುದೋ ತಂಡ ಸೊರಗಿದರೆ ಬೇರೆ ತಂಡದ ಒಳ್ಳೆಯ ಆಟಗಾರನನ್ನು ಅಲ್ಲಿಗೆ ಕಳಿಸುತ್ತಿದ್ದರು. ತಮ್ಮ ತಂಡದ ಆಟಗಾರನನ್ನೂ ಬಿಟ್ಟುಕೊಟ್ಟದ್ದುಂಟು. ಪರ ಊರಿನಲ್ಲಿ ಸಿಕ್ಕಿಬಿದ್ದ ತಂಡಕ್ಕೆ ರೈಲು ಖರ್ಚು ಕಳಿಸುತ್ತಿದ್ದರು. ಪ್ರತಿ ಪಂದ್ಯದ ಟಿಕೆಟ್ ಹಣದಲ್ಲಿ ಶೇಕಡಾ 5 ಅವರಿಗೆ ಹೋಗುತ್ತಿತ್ತು. ಅಧ್ಯಕ್ಷರೂ ಅವರೇ, ತಂಡದ ಮಾಲೀಕರೂ ಅವರೇ ಆಗಿದ್ದರಿಂದ ಬೇರೆ ಮಾಲೀಕರು ಗೊಣಗಿದರು. ಗೊಣಗಿದ್ದರಲ್ಲಿ ನ್ಯಾಯವೂ ಇತ್ತು. ಆದರೂ ಅವರಿಲ್ಲದೆ ಆ ಲೀಗ್ ಒಂದು ವರ್ಷವೂ ನಿಲ್ಲುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಪೂರ್ವ ಕರಾವಳಿಯ ತಂಡಗಳು 1923ರಲ್ಲಿ ಈಸ್ಟರ್ನ್ ಕಲರ್ಡ್ ಲೀಗ್ ಕಟ್ಟಿದವು. ಮರುವರ್ಷ ಎರಡೂ ಲೀಗುಗಳ ಚಾಂಪಿಯನ್ನರ ನಡುವೆ ಮೊದಲ ವಿಶ್ವ ಸರಣಿ ನಡೆಯಿತು. ಮೊನಾರ್ಕ್ಸ್ ಮತ್ತು ಹಿಲ್ಡೇಲ್ ಹತ್ತು ಪಂದ್ಯ ಆಡಿದವು, ಅದರಲ್ಲಿ ಒಂದು ಟೈ. ಕೊನೆಯ ಪಂದ್ಯದಲ್ಲಿ ಮೊನಾರ್ಕ್ಸ್ ಮ್ಯಾನೇಜರ್ ಹೊಸೆ ಮೆಂಡೆಸ್ ತಾವೇ ಪಿಚಿಂಗ್ ಮಾಡಿದರು. ಕ್ಯೂಬಾದವರು, ಆಗ ವಯಸ್ಸು ಮೂವತ್ತೈದು ದಾಟಿತ್ತು. ಎದುರು ತಂಡಕ್ಕೆ ಒಂದೂ ರನ್ ಬಿಡಲಿಲ್ಲ. 5-0.

1926ರಲ್ಲಿ ಫಾಸ್ಟರ್ ಅವರ ಮನಸ್ಸಿನ ಆರೋಗ್ಯ ಕೆಟ್ಟಿತು. ಆಸ್ಪತ್ರೆ ಸೇರಿದರು. 1930ರ ಕೊನೆಯಲ್ಲಿ ಅಲ್ಲೇ ತೀರಿಕೊಂಡರು. ಅವರು ಕಟ್ಟಿದ ಲೀಗ್ 1931ರಲ್ಲಿ ಮುಚ್ಚಿತು. ದೇಶದಲ್ಲಿ ದೊಡ್ಡ ಆರ್ಥಿಕ ಕುಸಿತ, ಟಿಕೆಟ್ ಕೊಳ್ಳುವ ಜನರ ಕೈಯಲ್ಲಿ ಕಾಸಿರಲಿಲ್ಲ.

4. ಲೀಗುಗಳ ಹೆಸರಲ್ಲಿ ಕಳೆದುಹೋಗಬೇಡಿ

1920ರಿಂದ 1948ರವರೆಗೆ ಏಳು ಲೀಗುಗಳನ್ನು ಮುಖ್ಯ ಎಂದು ಎಣಿಸುತ್ತಾರೆ. ಕೆಲವು ಒಂದೇ ವರ್ಷ ಬದುಕಿದವು. ಎಲ್ಲವನ್ನೂ ನೆನಪಿಡಬೇಕಿಲ್ಲ. ಫಾಸ್ಟರ್ ಅವರ ಲೀಗ್, 1933ರಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿದ ಎರಡನೆಯ ನೀಗ್ರೋ ನ್ಯಾಷನಲ್ ಲೀಗ್, 1937ರಲ್ಲಿ ಬಂದ ನೀಗ್ರೋ ಅಮೆರಿಕನ್ ಲೀಗ್. ಈ ಮೂರು ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ.

ಅದಕ್ಕಿಂತ ಒಂದು ತಂಡವನ್ನು ಹಿಡಿದು ಹೋಗುವುದು ಒಳ್ಳೆಯದು. ನನ್ನ ಸಲಹೆ ಪಿಟ್ಸ್‌ಬರ್ಗ್. ಒಂದೇ ಊರಿನ ಆಸುಪಾಸಿನಲ್ಲಿ ಎರಡು ಮಹಾ ತಂಡಗಳಿದ್ದವು. ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದ ಮಾಲೀಕ ಗಸ್ ಗ್ರೀನ್ಲಿ. ನಂಬರ್ ಆಟದಲ್ಲಿ, ಅಂದರೆ ನಮ್ಮ ಮಟ್ಕಾದಂಥ ಜೂಜಿನಲ್ಲಿ ದುಡ್ಡು ಮಾಡಿದವರು. ಬ್ಯಾಂಕುಗಳು ಕಪ್ಪು ಜನರಿಗೆ ಸಾಲ ಕೊಡದ ಕಾಲದಲ್ಲಿ ಅವರಂಥವರ ಕೈಯಲ್ಲೇ ಬಂಡವಾಳವಿತ್ತು. 1932ರಲ್ಲಿ ಗ್ರೀನ್ಲಿ ತಂಡಕ್ಕೆಂದೇ ಮೈದಾನ ಕಟ್ಟಿಸಿದರು. ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್ಸ್‌ಟನ್, ಜೂಡಿ ಜಾನ್ಸನ್. ಮುಂದೆ ಹಾಲ್ ಆಫ್ ಫೇಮ್, ಅಂದರೆ ಬೇಸ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿ ಸೇರಿದ ಈ ಐವರೂ ಆ ತಂಡಕ್ಕೆ ಆಡಿದರು.

ಇನ್ನೊಂದು ಹೋಮ್‌ಸ್ಟೆಡ್ ಗ್ರೇಸ್. ಮಾಲೀಕ ಕಂಬರ್ಲೆಂಡ್ ಪೋಸಿ. ಬೇಸ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಎರಡರ ಹಾಲ್ ಆಫ್ ಫೇಮ್‌ನಲ್ಲೂ ಅವರ ಹೆಸರಿದೆ. ಗಿಬ್ಸನ್ ಮತ್ತು ಬಕ್ ಲಿಯೊನಾರ್ಡ್ ಒಬ್ಬರ ಹಿಂದೆ ಒಬ್ಬರು ಬ್ಯಾಟ್ ಮಾಡಿದ ತಂಡ ಇದು. 1943, 1944, 1948ರ ವಿಶ್ವ ಸರಣಿ ಗೆದ್ದಿತು.

5. ಆಟಗಾರರನ್ನು ಒಬ್ಬೊಬ್ಬರಾಗಿ ಓದಿ

ಒಂದೇ ಸಲಕ್ಕೆ ಮೂವತ್ತು ಹೆಸರು ಓದಿದರೆ ಒಂದೂ ಉಳಿಯುವುದಿಲ್ಲ. ನಾಲ್ಕೈದು ಜನರಿಂದ ಶುರು ಮಾಡಿ.

ಜಾಷ್ ಗಿಬ್ಸನ್ ಕ್ಯಾಚರ್. 1911ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ ಪಿಟ್ಸ್‌ಬರ್ಗ್‌ನಲ್ಲಿ ಬೆಳೆದರು. ಕ್ಯಾಚರ್ ಕೆಲಸ ಮೈ ಮುರಿಯುವ ಕೆಲಸ. ಇಡೀ ಪಂದ್ಯ ಕುಕ್ಕರಗಾಲಲ್ಲಿ ಕೂತು, ಚೆಂಡಿನ ಪೆಟ್ಟು ತಿಂದು, ಆಮೇಲೆ ಬ್ಯಾಟ್ ಹಿಡಿಯಬೇಕು. ಹಾಗಿದ್ದೂ ಅವರಷ್ಟು ಬಲವಾಗಿ ಹೊಡೆದವರು ಆ ಲೀಗುಗಳಲ್ಲಿ ಇನ್ನೊಬ್ಬರಿಲ್ಲ. 1947ರ ಜನವರಿ 20ರಂದು ತೀರಿಕೊಂಡರು. ವಯಸ್ಸು 35. ರಾಬಿನ್ಸನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿಯಲು ಇನ್ನೂ ಮೂರು ತಿಂಗಳು ಇರಲಿಲ್ಲ. ಅವರ ಸಮಾಧಿಗೆ 1975ರವರೆಗೆ ಹೆಸರಿನ ಕಲ್ಲೂ ಇರಲಿಲ್ಲ.

ಸ್ಯಾಚೆಲ್ ಪೇಜ್ ಬೇರೆಯೇ ಥರದ ಮನುಷ್ಯ. 1906ರಲ್ಲಿ ಅಲಬಾಮಾದ ಮೊಬೀಲ್ ಊರಿನಲ್ಲಿ ಹುಟ್ಟಿದವರು. ಉದ್ದ ಕೈಕಾಲು. ತಮ್ಮ ಎಸೆತಗಳಿಗೆ ತಾವೇ ಹೆಸರಿಡುತ್ತಿದ್ದರು: ‘ಬೀ ಬಾಲ್’, ‘ಟ್ರಬಲ್ ಬಾಲ್’, ‘ಲಾಂಗ್ ಟಾಮ್’. ಎಸೆಯುವ ಮಧ್ಯದಲ್ಲಿ ಒಂದು ಕ್ಷಣ ತಡೆದು ಬ್ಯಾಟರ್‌ನ ಲಯ ಕೆಡಿಸುವ ಎಸೆತವೂ ಅವರದೇ. ಪೇಜ್ ಬರುತ್ತಾರೆ ಎಂದರೆ ಊರಿಗೆ ಊರೇ ಮೈದಾನಕ್ಕೆ ಬರುತ್ತಿತ್ತು. ಅದಕ್ಕೇ ಬೇರೆ ತಂಡಗಳು ಒಂದೊಂದು ಪಂದ್ಯಕ್ಕೆ ಅವರನ್ನು ಬಾಡಿಗೆಗೆ ಕರೆಸಿಕೊಳ್ಳುತ್ತಿದ್ದವು. 1948ರಲ್ಲಿ, 42ನೆಯ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡ್ ತಂಡದ ಮೂಲಕ ಮೇಜರ್ ಲೀಗ್‌ಗೆ ಬಂದರು. ಆರು ಪಂದ್ಯ ಗೆದ್ದು ಒಂದು ಸೋತರು. ತಂಡ ಆ ವರ್ಷ ವಿಶ್ವ ಸರಣಿ ಗೆದ್ದಿತು. 1965ರಲ್ಲಿ, 59ನೆಯ ವಯಸ್ಸಿನಲ್ಲಿ, ಕಾನ್ಸಾಸ್ ಸಿಟಿ ಪರ ಮತ್ತೊಮ್ಮೆ ಮೂರು ಇನ್ನಿಂಗ್ಸ್ ಎಸೆದರು. ಒಂದು ರನ್ನೂ ಬಿಡಲಿಲ್ಲ.

ಪೇಜ್ ಕಥೆಗಳಲ್ಲಿ ಸತ್ಯ ಎಷ್ಟು, ಬಣ್ಣ ಎಷ್ಟು ಎಂದು ಬಿಡಿಸುವುದು ಕಷ್ಟ. ಕೂಲ್ ಪಾಪಾ ಬೆಲ್ ಎಷ್ಟು ವೇಗದವರೆಂದರೆ ದೀಪ ಆರಿಸಿ ಕೋಣೆ ಕತ್ತಲಾಗುವ ಮೊದಲೇ ಹಾಸಿಗೆ ಸೇರುತ್ತಿದ್ದರು ಎಂದು ಪೇಜ್ ಹೇಳುತ್ತಿದ್ದರು. ಇಂಥ ಮಾತುಗಳನ್ನು ಸುಳ್ಳು ಎಂದು ತಳ್ಳಬೇಡಿ, ದಾಖಲೆ ಎಂದೂ ಬರೆದುಕೊಳ್ಳಬೇಡಿ. ಕ್ಯಾಮೆರಾಗಳು ಬಾರದ ಮೈದಾನಗಳಲ್ಲಿ ಜನ ತಾವು ಕಂಡದ್ದನ್ನು ಉಳಿಸಿಕೊಂಡ ಬಗೆ ಇದು.

ಆಸ್ಕರ್ ಚಾರ್ಲ್ಸ್‌ಟನ್ ಹೆಸರು ಅಷ್ಟು ಕೇಳಿಬರುವುದಿಲ್ಲ. ಆದರೆ ಅವರ ಆಟ ಕಂಡ ಹಲವರು ಎಲ್ಲರಿಗಿಂತ ಮೇಲೆ ಇಡುವುದು ಅವರನ್ನೇ. ಹೊಡೆತ, ಓಟ, ಫೀಲ್ಡಿಂಗ್ ಮೂರೂ ಇದ್ದ ಆಟಗಾರ. ಆಮೇಲೆ ಒಳ್ಳೆಯ ಮ್ಯಾನೇಜರ್ ಕೂಡ. ಕ್ಯೂಬಾದ ಮಾರ್ಟಿನ್ ಡಿಹೀಗೊ ಪಿಚಿಂಗ್ ಮಾಡುತ್ತಿದ್ದರು, ಮೈದಾನದ ಹೆಚ್ಚುಕಡಿಮೆ ಎಲ್ಲ ಜಾಗದಲ್ಲೂ ಆಡುತ್ತಿದ್ದರು. ಕ್ಯೂಬಾ, ಮೆಕ್ಸಿಕೊ, ಅಮೆರಿಕ ಮೂರೂ ದೇಶದ ಹಾಲ್ ಆಫ್ ಫೇಮ್‌ಗಳಲ್ಲಿ ಅವರಿದ್ದಾರೆ.

ಡೆಟ್ರಾಯಿಟ್ ಸ್ಟಾರ್ಸ್ ತಂಡದ ಟರ್ಕಿ ಸ್ಟರ್ನ್ಸ್ ಕಥೆ ಓದಿದಾಗ ನನಗೆ ತುಂಬಾ ಸಂಕಟವಾಯಿತು. ಲೀಗಿನ ದೊಡ್ಡ ಹೊಡೆತಗಾರರಲ್ಲಿ ಒಬ್ಬರು. ಆಟವಿಲ್ಲದ ತಿಂಗಳುಗಳಲ್ಲಿ ಡೆಟ್ರಾಯಿಟ್‌ನ ಬ್ರಿಗ್ಸ್ ಕಾರು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆ ಕಾರ್ಖಾನೆಯ ಮಾಲೀಕರೇ ಮೇಜರ್ ಲೀಗ್‌ನ ಡೆಟ್ರಾಯಿಟ್ ಟೈಗರ್ಸ್ ತಂಡದ ಮಾಲೀಕರೂ ಆಗಿದ್ದರು. ಕಾರ್ಖಾನೆಯಲ್ಲಿ ಅವರ ಕೈ ಬೇಕಿತ್ತು, ತಂಡದಲ್ಲಿ ಬೇಡವಾಗಿತ್ತು. ಸ್ಟರ್ನ್ಸ್ 1979ರಲ್ಲಿ ತೀರಿಕೊಂಡರು. ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

6. ಅಂಕಿಗಳನ್ನು ತಾಳ್ಮೆಯಿಂದ ಓದಿ

2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ಆ ಏಳು ಲೀಗುಗಳನ್ನು ಮೇಜರ್ ಲೀಗುಗಳೆಂದು ಒಪ್ಪಿಕೊಂಡಿತು. ಸುಮಾರು 3,400 ಆಟಗಾರರಿಗೆ ಆ ಸ್ಥಾನ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಅವರ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು. ಆಗ ಇಡೀ ಪಟ್ಟಿಯ ತುದಿ ಬದಲಾಯಿತು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ .372ರೊಂದಿಗೆ ಮೊದಲಿಗರಾದರು. ಅಲ್ಲಿಯವರೆಗೆ ಮೇಲಿದ್ದ ಟೈ ಕಾಬ್ ಅವರದು .367. ಚಾರ್ಲ್ಸ್‌ಟನ್ .363ರೊಂದಿಗೆ ಮೂರನೆಯವರು. ಸ್ಲಗ್ಗಿಂಗ್‌ನಲ್ಲೂ ಗಿಬ್ಸನ್ .718ರೊಂದಿಗೆ ಬೇಬ್ ರೂತ್ ಅವರ .690 ದಾಟಿದರು.

ಇಲ್ಲಿ ಒಂದು ಗೊಂದಲ ಬರುತ್ತದೆ. ಹಾಲ್ ಆಫ್ ಫೇಮ್‌ನ ಫಲಕ ಗಿಬ್ಸನ್ ಸುಮಾರು 800 ಹೋಮ್ ರನ್ ಹೊಡೆದರು ಎನ್ನುತ್ತದೆ. ಅಧಿಕೃತ ದಾಖಲೆಯಲ್ಲಿ 174 ಮಾತ್ರ. ಯಾವುದು ಸರಿ? ಎರಡೂ ಬೇರೆ ಬೇರೆ ಲೆಕ್ಕ. ಲೀಗಿನ ಒಂದು ಹಂಗಾಮಿನಲ್ಲಿ ಸಾಮಾನ್ಯವಾಗಿ 60ರಿಂದ 80 ಪಂದ್ಯ. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ತಂಡಗಳು ಊರೂರು ಸುತ್ತಿ ಸ್ಥಳೀಯ ತಂಡಗಳ ಜೊತೆ ಇನ್ನೂ ಎಷ್ಟೋ ಪಂದ್ಯ ಆಡುತ್ತಿದ್ದವು. ಚಳಿಗಾಲದಲ್ಲಿ ಕ್ಯೂಬಾ, ಪೋರ್ಟೊರಿಕೊ, ಮೆಕ್ಸಿಕೊಗಳಲ್ಲಿ ಆಟ. ಇವು ಯಾವುವೂ ಅಧಿಕೃತ ಲೆಕ್ಕಕ್ಕೆ ಬರುವುದಿಲ್ಲ. ಲೀಗ್ ಪಂದ್ಯಗಳ ವಿವರವೂ ಪೂರ್ತಿ ಸಿಕ್ಕಿಲ್ಲ. ಸಂಶೋಧಕರು ಹಳೆಯ ಪತ್ರಿಕೆಗಳನ್ನು ಪುಟ ಪುಟ ತಿರುವಿ ಮುಕ್ಕಾಲು ಭಾಗದ ಹತ್ತಿರ ಸೇರಿಸಿದ್ದಾರೆ. ಇನ್ನೂ ಹುಡುಕುತ್ತಿದ್ದಾರೆ. ಆದ್ದರಿಂದ ಈ ಅಂಕಿಗಳು ಮುಂದೆ ಸ್ವಲ್ಪ ಬದಲಾಗಬಹುದು.

ಕಡಿಮೆ ಪಂದ್ಯದಲ್ಲಿ ಹೆಚ್ಚು ಸರಾಸರಿ ಸುಲಭ, ಮೇಜರ್ ಲೀಗ್‌ನವರು ಆಗ 154 ಪಂದ್ಯ ಆಡುತ್ತಿದ್ದರು ಎಂದು ಕೆಲವರು ವಾದಿಸುತ್ತಾರೆ. ಒಂದು ವರ್ಷದ ದಾಖಲೆ ನೋಡುವಾಗ ಈ ಮಾತು ನೆನಪಿರಬೇಕು. ಗಿಬ್ಸನ್ ಅವರ 1943ರ .466 ಅಂಥದ್ದು. ಆದರೆ ಕೋವಿಡ್ ಬಂದ 2020ರಲ್ಲಿ ಮೇಜರ್ ಲೀಗ್ ತಂಡಗಳು ಆಡಿದ್ದು 60 ಪಂದ್ಯ. ಆ ಅಂಕಿಗಳನ್ನು ಯಾರೂ ದಾಖಲೆಯಿಂದ ತೆಗೆದಿಲ್ಲ. ಹಂಗಾಮು ಚಿಕ್ಕದಾದದ್ದು ಗಿಬ್ಸನ್ ಆಯ್ಕೆ ಮಾಡಿಕೊಂಡದ್ದೂ ಅಲ್ಲ.

ಕೈಯಾರೆ ನೋಡಬೇಕೆಂದರೆ ಬೇಸ್‌ಬಾಲ್ ರೆಫರೆನ್ಸ್ ತಾಣ ತೆರೆಯಿರಿ. ಮುಂದೆ ಮೇಜರ್ ಲೀಗ್‌ನ ದೊಡ್ಡ ತಾರೆಯಾದ ವಿಲ್ಲಿ ಮೇಸ್ ಪುಟಕ್ಕೆ ಹೋಗಿ 1948ರ ಸಾಲು ನೋಡಿ. ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ಪರ ಹದಿನೇಳು ವಯಸ್ಸಿನ ಹುಡುಗನಾಗಿ ಆಡಿದ ವರ್ಷ ಅದು. ಅದು ಸೇರಿದ ಮೇಲೆ ಅವರ ಒಟ್ಟು ಹಿಟ್‌ಗಳು 3,283ರಿಂದ 3,293 ಆದವು. ಇನ್ನೂ ಆಳಕ್ಕೆ ಹೋಗುವವರಿಗೆ ಸೀಮ್‌ಹೆಡ್ಸ್ ದತ್ತಾಂಶ ತಾಣವಿದೆ. 1920ಕ್ಕಿಂತ ಹಿಂದಿನ ತಂಡಗಳೂ ಅಲ್ಲಿ ಸಿಗುತ್ತವೆ.

7. ಮೈದಾನದ ಹೊರಗೂ ಕಣ್ಣು ಹಾಯಿಸಿ

ತಂಡಗಳು ಬಸ್ಸಿನಲ್ಲೇ ಬದುಕುತ್ತಿದ್ದವು. ದಕ್ಷಿಣದ ಊರುಗಳಲ್ಲಿ ಹೋಟೆಲ್ ಸಿಗುತ್ತಿರಲಿಲ್ಲ, ಊಟದ ಅಂಗಡಿಯೊಳಗೆ ಬಿಡುತ್ತಿರಲಿಲ್ಲ. ರೊಟ್ಟಿ ಕಟ್ಟಿಸಿಕೊಂಡು ಬಸ್ಸಿನಲ್ಲೇ ತಿಂದು, ಅಲ್ಲೇ ಮಲಗಿ, ಮರುದಿನ ಎರಡು ಪಂದ್ಯ ಆಡಿದ್ದುಂಟು. ಕೆಲವೊಮ್ಮೆ ಕಪ್ಪು ಕುಟುಂಬಗಳು ಆಟಗಾರರನ್ನು ತಮ್ಮ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದವು.

ಕಷ್ಟದ ನಡುವೆ ಹೊಸ ಉಪಾಯಗಳೂ ಹುಟ್ಟಿದವು. 1930ರಲ್ಲಿ ಮೊನಾರ್ಕ್ಸ್ ತಂಡ ಲಾರಿಯಲ್ಲಿ ಸಾಗಿಸಬಹುದಾದ ದೀಪದ ಕಂಬಗಳನ್ನೂ ಜನರೇಟರನ್ನೂ ಮಾಡಿಸಿಕೊಂಡಿತು. ಹಗಲು ದುಡಿಯುವ ಜನ ರಾತ್ರಿ ಬಂದು ಆಟ ನೋಡುವಂತಾಯಿತು. ಮೇಜರ್ ಲೀಗ್‌ನಲ್ಲಿ ಮೊದಲ ರಾತ್ರಿ ಪಂದ್ಯ ನಡೆದದ್ದು 1935ರಲ್ಲಿ.

ವರ್ಷದ ದೊಡ್ಡ ಹಬ್ಬ ಈಸ್ಟ್-ವೆಸ್ಟ್ ಪಂದ್ಯ. 1933ರಿಂದ ಷಿಕಾಗೋದ ಕಮಿಸ್ಕಿ ಪಾರ್ಕ್‌ನಲ್ಲಿ ನಡೆಯುತ್ತಿತ್ತು. ಆಟಗಾರರನ್ನು ಆರಿಸುತ್ತಿದ್ದವರು ಪ್ರೇಕ್ಷಕರೇ. ಷಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕುರಿಯರ್ ಮುಂತಾದ ಕಪ್ಪು ಜನರ ಪತ್ರಿಕೆಗಳ ಮೂಲಕ ಮತ ಹಾಕುತ್ತಿದ್ದರು. ದೂರದ ಊರುಗಳಿಂದ ಜನ ಒಳ್ಳೆಯ ಬಟ್ಟೆ ತೊಟ್ಟು ರೈಲು ಹತ್ತಿ ಬರುತ್ತಿದ್ದರು. 1943ರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ಬಡ ಲೀಗ್, ಖಾಲಿ ಮೈದಾನ ಎಂಬ ಕಲ್ಪನೆ ಇದ್ದರೆ ಈ ಪಂದ್ಯದ ಹಳೆಯ ಫೋಟೋಗಳನ್ನು ನೋಡಿ.

ಹೆಂಗಸರನ್ನೂ ಮರೆಯಬೇಡಿ. ನ್ಯೂವಾರ್ಕ್ ಈಗಲ್ಸ್ ತಂಡವನ್ನು ಗಂಡನ ಜೊತೆ ನಡೆಸಿದವರು ಎಫಾ ಮ್ಯಾನ್ಲಿ. ವ್ಯವಹಾರವೆಲ್ಲ ಅವರ ಕೈಯಲ್ಲೇ ಇತ್ತು. 1946ರಲ್ಲಿ ಈಗಲ್ಸ್ ಏಳು ಪಂದ್ಯಗಳ ವಿಶ್ವ ಸರಣಿಯಲ್ಲಿ ಮೊನಾರ್ಕ್ಸ್ ತಂಡವನ್ನು ಸೋಲಿಸಿತು. ಕಪ್ಪು ಜನರನ್ನು ಗುಂಪುಗೂಡಿ ಕೊಲ್ಲುವ ಲಿಂಚಿಂಗ್ ವಿರುದ್ಧ ದನಿ ಎತ್ತಲು ಅವರು ತಮ್ಮ ಮೈದಾನವನ್ನೇ ಬಳಸಿದರು. ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಏಕೈಕ ಮಹಿಳೆ ಅವರು. 1953ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಪರ ಟೋನಿ ಸ್ಟೋನ್ ಎರಡನೇ ಬೇಸ್‌ನಲ್ಲಿ ಗಂಡಸರ ಜೊತೆಗೇ ಆಡಿದರು. ಹಿಂದಿನ ವರ್ಷ ಅದೇ ತಂಡದಲ್ಲಿದ್ದ ಹುಡುಗ ಹ್ಯಾಂಕ್ ಆರನ್, ಮುಂದೆ ಮೇಜರ್ ಲೀಗ್‌ನ ದೊಡ್ಡ ತಾರೆಯಾದವರು.

8. 1947ನ್ನು ಎರಡೂ ಬದಿಯಿಂದ ನೋಡಿ

ಈಗ ರಾಬಿನ್ಸನ್ ಬಳಿ ಬನ್ನಿ. 1945ರಲ್ಲಿ ಅವರು ಮೊನಾರ್ಕ್ಸ್ ಆಟಗಾರ. ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ ಅವರನ್ನು ಕರೆದೊಯ್ದರು. ಮೊನಾರ್ಕ್ಸ್‌ಗೆ ಒಂದು ಡಾಲರನ್ನೂ ಕೊಡಲಿಲ್ಲ. ಈಗಲ್ಸ್ ತಂಡದ ಡಾನ್ ನ್ಯೂಕಂಬ್ ವಿಷಯದಲ್ಲೂ ಹಾಗೇ ಆಯಿತು. ದೇಶವೇ ಸಂಭ್ರಮಿಸುವಾಗ ದುಡ್ಡು ಕೇಳಿದರೆ ಅಡ್ಡಿ ಮಾಡಿದಂತೆ ಕಾಣುತ್ತದೆ. ಮಾಲೀಕರು ಇಕ್ಕಟ್ಟಿಗೆ ಸಿಕ್ಕರು. ಎಫಾ ಮ್ಯಾನ್ಲಿ ಮಾತ್ರ ಗಟ್ಟಿಯಾಗಿ ಕೇಳಿದರು. 1947ರ ಜುಲೈನಲ್ಲಿ ಲ್ಯಾರಿ ಡೋಬಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಹೋದಾಗ ಅಲ್ಲಿನ ಮಾಲೀಕ ಬಿಲ್ ವೀಕ್ ಅವರಿಂದ 15,000 ಡಾಲರ್ ಪಡೆದರು. ಡೋಬಿಯಂಥ ಬಿಳಿ ಆಟಗಾರನಾಗಿದ್ದರೆ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಿದ್ದರು.

ಬಾಗಿಲು ತೆರೆದದ್ದು ದೊಡ್ಡ ಗೆಲುವು. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಕರೆದದ್ದು ಕೆಲವು ಆಟಗಾರರನ್ನು ಮಾತ್ರ. ಮಾಲೀಕರನ್ನು, ಮ್ಯಾನೇಜರ್‌ಗಳನ್ನು ಕರೆಯಲಿಲ್ಲ. ಪ್ರೇಕ್ಷಕರು ರಾಬಿನ್ಸನ್, ಡೋಬಿ ಆಟ ನೋಡಲು ಹೋದರು. 1948ರ ನಂತರ ನೀಗ್ರೋ ನ್ಯಾಷನಲ್ ಲೀಗ್ ನಿಂತಿತು. ಇನ್ನೊಂದು ಲೀಗ್ ಕುಗ್ಗುತ್ತಾ 1960ರ ದಶಕದ ಆರಂಭದವರೆಗೆ ಉಳಿಯಿತು. ನಡು ವಯಸ್ಸಿನ ಆಟಗಾರರ ಪಾಡು ಕೇಳುವವರಿರಲಿಲ್ಲ. ರೇ ಡ್ಯಾಂಡ್ರಿಜ್ 1950ರಲ್ಲಿ ಮೈನರ್ ಲೀಗ್‌ನ, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ಲೀಗ್ ಒಂದರ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದರು. ನ್ಯೂಯಾರ್ಕ್ ಜೈಂಟ್ಸ್ ಅವರನ್ನು ಒಂದೇ ಒಂದು ಪಂದ್ಯಕ್ಕೂ ಮೇಲಕ್ಕೆ ಕರೆಯಲಿಲ್ಲ. ಎಲ್ಲಕ್ಕಿಂತ ಕೊನೆಗೆ ಕಪ್ಪು ಆಟಗಾರನನ್ನು ಸೇರಿಸಿಕೊಂಡ ಮೇಜರ್ ಲೀಗ್ ತಂಡ ಬಾಸ್ಟನ್ ರೆಡ್ ಸಾಕ್ಸ್, 1959ರಲ್ಲಿ.

9. ಆಗುವುದಾದರೆ ಹೋಗಿ ನೋಡಿ

ಅಮೆರಿಕದಲ್ಲಿರುವ ಕನ್ನಡಿಗರಿಗೆ, ಅಥವಾ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಅಪ್ಪ-ಅಮ್ಮಂದಿರಿಗೆ ಇದು ಕಷ್ಟವಲ್ಲ. ಮೊದಲ ಜಾಗ ಕಾನ್ಸಾಸ್ ಸಿಟಿಯ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂ. 1990ರಲ್ಲಿ ಶುರುವಾಗಿ 1997ರಿಂದ ಈಗಿನ ಕಟ್ಟಡದಲ್ಲಿದೆ. ಫಾಸ್ಟರ್ ಲೀಗ್ ಕಟ್ಟಿದ ವೈಎಂಸಿಎ ಕಟ್ಟಡವೂ ಅಲ್ಲೇ ಹತ್ತಿರ. ಒಳಗೆ ಒಂದು ಚಿಕ್ಕ ಮೈದಾನವಿದೆ. ಆಟಗಾರರ ಕಂಚಿನ ಪ್ರತಿಮೆಗಳು ತಮ್ಮ ತಮ್ಮ ಜಾಗದಲ್ಲಿ ನಿಂತಿವೆ. ಮೊದಲು ಅದನ್ನು ತಂತಿ ಬಲೆಯ ಆಚೆಯಿಂದ ಮಾತ್ರ ನೋಡಬಹುದು. ಇಡೀ ಚರಿತ್ರೆ ಸುತ್ತಿ ಬಂದ ಮೇಲೆ ಮೈದಾನಕ್ಕೆ ಇಳಿಯಲು ಬಿಡುತ್ತಾರೆ. ಆತುರ ಮಾಡದೆ, ಅವರು ಇಟ್ಟ ಕ್ರಮದಲ್ಲೇ ನೋಡಿ.

ಈ ಮ್ಯೂಸಿಯಂ ನಿಂತದ್ದರ ಹಿಂದೆ ಬಕ್ ಓನೀಲ್ ಇದ್ದಾರೆ. ಮೊನಾರ್ಕ್ಸ್ ತಂಡದ ಆಟಗಾರ, ಆಮೇಲೆ ಮ್ಯಾನೇಜರ್. 1962ರಲ್ಲಿ ಷಿಕಾಗೋ ಕಬ್ಸ್ ಸೇರಿ ಮೇಜರ್ ಲೀಗ್‌ನ ಮೊದಲ ಕಪ್ಪು ಕೋಚ್ ಆದರು. 2006ರಲ್ಲಿ ಹಾಲ್ ಆಫ್ ಫೇಮ್ ಈ ಲೀಗುಗಳ 17 ಮಂದಿಯನ್ನು ಒಟ್ಟಿಗೇ ಆರಿಸಿತು. 94 ವರ್ಷದ ಓನೀಲ್ ಹೆಸರು ಪಟ್ಟಿಯಲ್ಲಿರಲಿಲ್ಲ. ಆದರೂ ಸಮಾರಂಭಕ್ಕೆ ಹೋಗಿ, ತೀರಿಹೋಗಿದ್ದ ಆ 17 ಮಂದಿಯ ಪರವಾಗಿ ಮಾತಾಡಿದರು. ಎಲ್ಲರ ಕೈ ಹಿಡಿಸಿ ಹಾಡಿಸಿದರು. ಅದೇ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಫಲಕ ಏರಿದ್ದು 2022ರಲ್ಲಿ. ಆ ಭಾಷಣದ ವಿಡಿಯೋ ಸಿಗುತ್ತದೆ, ಖಂಡಿತ ನೋಡಿ.

ನ್ಯೂಜೆರ್ಸಿಯಲ್ಲಿ ಇರುವವರಿಗೆ ಪ್ಯಾಟರ್‌ಸನ್ ಊರಿನ ಹಿಂಚ್‌ಲಿಫ್ ಸ್ಟೇಡಿಯಂ ಹತ್ತಿರ. 1932ರದು. ನ್ಯೂಯಾರ್ಕ್ ಬ್ಲ್ಯಾಕ್ ಯಾಂಕೀಸ್ ಆಡಿದ ಮೈದಾನ. ಲ್ಯಾರಿ ಡೋಬಿ ಆ ಊರಲ್ಲೇ ಬೆಳೆದವರು. ಹಲವು ವರ್ಷ ಪಾಳುಬಿದ್ದು 2023ರಲ್ಲಿ ಮತ್ತೆ ತೆರೆಯಿತು. ಡೆಟ್ರಾಯಿಟ್ ಕಡೆಯವರು ಟರ್ಕಿ ಸ್ಟರ್ನ್ಸ್ ಆಡಿದ ಹ್ಯಾಮ್‌ಟ್ರ್ಯಾಮ್‌ಕ್ ಸ್ಟೇಡಿಯಂಗೆ ಹೋಗಬಹುದು. ದಕ್ಷಿಣಕ್ಕೆ ಹೋದರೆ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ 1910ರ ರಿಕ್‌ವುಡ್ ಫೀಲ್ಡ್ ಇದೆ. ಹುಡುಗ ವಿಲ್ಲಿ ಮೇಸ್ ಓಡಿದ ಹುಲ್ಲು ಅದು. 2024ರ ಜೂನ್ 20ರಂದು ಮೇಜರ್ ಲೀಗ್ ಅಲ್ಲಿ ಒಂದು ಪಂದ್ಯ ಆಡಿಸಿತು. ಅದಕ್ಕೆ ಎರಡು ದಿನ ಮೊದಲು ಮೇಸ್ ತೀರಿಕೊಂಡಿದ್ದರು.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಕೊನೆಗೆ ಹೋಗಿ. 1971ರಲ್ಲಿ ಪೇಜ್ ಅವರನ್ನು ಸೇರಿಸಿಕೊಳ್ಳುವಾಗ ಮೊದಲು ಅವರಂಥವರಿಗೆ ಬೇರೆಯೇ ವಿಭಾಗ ಮಾಡುವ ಮಾತಿತ್ತು. ಜನ ಸಿಟ್ಟಿಗೆದ್ದರು, ಯೋಚನೆ ಬಿಟ್ಟರು. ಈಗ ಎಲ್ಲರ ಫಲಕಗಳೂ ಒಂದೇ ಕೋಣೆಯಲ್ಲಿವೆ, ಸೇರಿದ ವರ್ಷದ ಕ್ರಮದಲ್ಲಿ. ಪೇಜ್ 1971, ಗಿಬ್ಸನ್ ಮತ್ತು ಲಿಯೊನಾರ್ಡ್ 1972, ಬೆಲ್ 1974, ಚಾರ್ಲ್ಸ್‌ಟನ್ 1976, ಡ್ಯಾಂಡ್ರಿಜ್ 1987, ಸ್ಟರ್ನ್ಸ್ 2000, ಮ್ಯಾನ್ಲಿ 2006. ಈ ವರ್ಷಗಳನ್ನು ಬರೆದುಕೊಂಡು ಹೋದರೆ ಹುಡುಕುವುದು ಸುಲಭ.